ಆಸೆ ಸಂಗ್ಯಾನದು, ಹೆಸರು ಇಬ್ಬರದೂ

ಮಾದಕ ವಸ್ತು ವಿರೋಧಿ ದಿನವೆಂದು ಜೂನ್ 26ಕ್ಕೆ ನಮ್ಮ ಶಾಲೆಗಳ ಅಂಗಳದಲ್ಲಿ ಆಡುವ ನಾಟಕವನ್ನು ನೀವೂ ನೋಡಿರುತ್ತೀರಿ. ಪ್ರಾರ್ಥನೆ ಮುಗಿದಿರುತ್ತದೆ. ಬೆಳಗಾವಿಯ ಜಿಟಿಜಿಟಿ ಮಳೆ ಅರ್ಧ ತಾಸು ಬಿಡುವು ಕೊಟ್ಟಿರುತ್ತದೆ. ಹಲಗೆ ಬಾರಿಸುತ್ತ ಹತ್ತು ಹುಡುಗರು ಸುತ್ತು ಹಾಕಿ ಬರುತ್ತಾರೆ. ಒಬ್ಬ ನೋಟುಬುಕ್ಕಿನ ಹಾಳೆ ಸುತ್ತಿ ಬಾಯಿಗಿಟ್ಟುಕೊಂಡು ತೂರಾಡುತ್ತಾನೆ. ತಾಯಿಯ ಪಾತ್ರದ ಹುಡುಗಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಪೊಲೀಸಪ್ಪ ಬಂದು ಕೋಲಿನಿಂದ ನಾಲ್ಕು ಬಿಡುತ್ತಾನೆ. ಮುಂದಿನ ದೃಶ್ಯದಲ್ಲಿ ಹುಡುಗ ಸತ್ತು ಮಲಗಿರುತ್ತಾನೆ. ಆಮೇಲೆ ಸತ್ತವನೂ ಎದ್ದು ಎಲ್ಲರ ಜೊತೆ ಸಾಲಾಗಿ ನಿಂತು ಘೋಷಣೆ ಕೂಗುತ್ತಾನೆ. ಮುಖ್ಯೋಪಾಧ್ಯಾಯರು ಎರಡು ಮಾತಾಡುತ್ತಾರೆ, ಫೋಟೊ ತೆಗೆಯುತ್ತಾರೆ, ಮರುದಿನ ಪತ್ರಿಕೆಯ ಒಳಪುಟದಲ್ಲಿ ಅದು ಬರುತ್ತದೆ.

ಈ ನಾಟಕದಲ್ಲಿ ಹೆಚ್ಚು ಚಪ್ಪಾಳೆ ಬೀಳುವುದು ಯಾರಿಗೆ ಎಂಬುದನ್ನು ಮಾತ್ರ ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ತೂರಾಡುವವನಿಗೆ. ಅವನು ಕಾಲು ತಪ್ಪಿದಾಗ ನಗು, ಮಾಸ್ತರರ ಕುರ್ಚಿಯ ಕಡೆ ವಾಲಿದಾಗ ಶಿಳ್ಳೆ. ಮುಂದಿನ ಒಂದು ವಾರ ಇಡೀ ಶಾಲೆಗೆ ಅವನೇ ಹೀರೊ. ಸತ್ತದ್ದು ಯಾರಿಗೂ ನೆನಪಿರುವುದಿಲ್ಲ, ತೂರಾಡಿದ್ದು ನೆನಪಿರುತ್ತದೆ. ಪಾತ್ರ ಹಂಚುವ ಕ್ರಮವನ್ನೂ ಗಮನಿಸಿ. ವರ್ಗದಲ್ಲಿ ಮೊದಲು ಬರುವವನು ಡಾಕ್ಟರ್, ಗಟ್ಟಿ ದನಿಯವನು ಪೊಲೀಸ್, ಹಿಂದಿನ ಬೆಂಚಿನ ಹರಿದ ಅಂಗಿಯ ಹುಡುಗ ವ್ಯಸನಿ. "ಅವಗ ಮೇಕಪ್ಪs ಬೇಕಿಲ್ಲ ಬಿಡ್ರಿ" ಎಂದು ನಗುವ ಶಿಕ್ಷಕರೂ ಇದ್ದಾರೆ. ಆ ಹುಡುಗನಿಗೆ ನಾಟಕ ಅಂದು ಏನು ಕಲಿಸಿತು ಎಂದು ಯೋಚಿಸಿದರೆ ನನಗೆ ಮೈ ಝುಂ ಎನ್ನುತ್ತದೆ.

ಶಾಲೆಯಲ್ಲಿ ನಾಟಕ ಬೇಡ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ನಾಟಕದ ಕೈಯಲ್ಲಿ ಭಾಷಣದ ಕೆಲಸ ಮಾಡಿಸುತ್ತಿದ್ದೇವೆ ಎಂಬುದು ನನ್ನ ತಕರಾರು. ಭಾಷಣದಿಂದ ಈ ಕೆಲಸ ಆಗುವುದಿಲ್ಲ ಎಂಬುದಕ್ಕೆ ದೊಡ್ಡ ಪುರಾವೆಯೇ ಇದೆ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 1983ರಲ್ಲಿ 'ಡೇರ್' ಎಂಬ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರು ತರಗತಿಗೇ ಬಂದು ಮಾದಕ ವಸ್ತುಗಳ ಕೇಡನ್ನು ಮಕ್ಕಳಿಗೆ ವಿವರಿಸುತ್ತಿದ್ದರು. ಟೀ ಶರ್ಟು, ಪ್ರಮಾಣಪತ್ರ, ಪ್ರತಿಜ್ಞೆ ಎಲ್ಲವೂ ಇದ್ದವು. ಪಾಲಕರಿಗೆ ಖುಷಿ, ಪೊಲೀಸರಿಗೆ ಖುಷಿ. ಇಪ್ಪತ್ತು ವರ್ಷಗಳ ಮೇಲೆ, 2003ರಲ್ಲಿ, ಅಲ್ಲಿನ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆ ದೀರ್ಘಾವಧಿಯ ಅಧ್ಯಯನಗಳನ್ನೆಲ್ಲ ತಾಳೆ ಹಾಕಿ ನೋಡಿತು. ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ ಪ್ರಕಟಿಸಿದ ತಡೆಗಟ್ಟುವಿಕೆಯ ಮಾನದಂಡಗಳು ಇನ್ನೂ ಖಡಕ್ಕಾಗಿವೆ. ಬರೀ ಉಪನ್ಯಾಸ, ಹೆದರಿಸುವುದು, ಚಟ ಬಿಟ್ಟವರನ್ನು ಕರೆಸಿ ಕಥೆ ಹೇಳಿಸುವುದು, ಇವುಗಳಿಂದ ಪ್ರಯೋಜನ ಕಂಡಿಲ್ಲ, ಕೆಲವೊಮ್ಮೆ ಕೆಡುಕೂ ಆಗಬಹುದು ಎನ್ನುತ್ತವೆ. ನಮ್ಮ ಅಂಗಳದ ನಾಟಕದಲ್ಲಿ ಮೊದಲಿನ ಎರಡೂ ಇವೆ, ಮೇಲೆ ಹಲಗೆ ಬೇರೆ.

ಮಕ್ಕಳ ಕಡೆಯಿಂದ ನೋಡೋಣ. ಶಾಲಾ ಮಕ್ಕಳ ತಂಬಾಕು ಬಳಕೆಯ ಕುರಿತು 2019ರಲ್ಲಿ ದೇಶದಾದ್ಯಂತ ಒಂದು ಸಮೀಕ್ಷೆ ನಡೆಯಿತು. 13ರಿಂದ 15 ವರ್ಷದವರಲ್ಲಿ ನೂರಕ್ಕೆ ಎಂಟೂವರೆ ಮಕ್ಕಳು ಒಂದಲ್ಲ ಒಂದು ರೂಪದ ತಂಬಾಕು ಬಳಸುತ್ತಿದ್ದರು. ಕರ್ನಾಟಕದ ಪ್ರಮಾಣ ಅದಕ್ಕಿಂತ ಬಹಳ ಕಡಿಮೆ, ಅದೊಂದು ಸಮಾಧಾನ. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಅಂಕಿಯ ಮೇಲೆ. ಬಳಸುವ ಮಕ್ಕಳು ಶುರುಮಾಡಿದ ವಯಸ್ಸು ಸಿಗರೇಟಿಗೆ ಸುಮಾರು ಹನ್ನೊಂದೂವರೆ, ಬೀಡಿಗೆ ಹತ್ತೂವರೆ, ಜಗಿಯುವ ತಂಬಾಕಿಗೆ ಹತ್ತಕ್ಕೂ ತುಸು ಕಡಿಮೆ. ಅಂದರೆ ಐದನೆಯ ಇಯತ್ತೆ. ನಾವು ನಾಟಕ ಆಡಿಸುವುದು ಒಂಬತ್ತನೆಯ ತರಗತಿಗೆ. ಅದೇ 2019ರಲ್ಲಿ ದೆಹಲಿಯ ಏಮ್ಸ್ ತಜ್ಞರ ಅಧ್ಯಯನವೂ ಹೊರಬಂತು. ಮೂಸುವ ಪದಾರ್ಥಗಳು, ಅಂದರೆ ವೈಟ್ನರ್, ಪಂಕ್ಚರ್ ಸೊಲ್ಯೂಷನ್ ಥರದವು, ದೊಡ್ಡವರಲ್ಲಿ ನೂರಕ್ಕೆ 0.58ರಷ್ಟು ಇದ್ದರೆ 10ರಿಂದ 17 ವರ್ಷದವರಲ್ಲಿ 1.17ರಷ್ಟಿದ್ದವು. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಅಮಲು ಇದೊಂದೇ. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಅಗ್ಗ, ಸ್ಟೇಷನರಿ ಅಂಗಡಿಯಲ್ಲೇ ಸಿಗುತ್ತದೆ, ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟರೂ ಯಾರೂ ಕೇಳುವುದಿಲ್ಲ.

ಹೀಗಾಗಿ ವೇದಿಕೆಯ ಮೇಲೆ ಮೂಸಿ ತೋರಿಸುವುದೆಂದರೆ ಗೊತ್ತಿಲ್ಲದವನಿಗೆ ಗೊತ್ತುಮಾಡಿಕೊಟ್ಟ ಹಾಗೆ. ಇದು ಸಣ್ಣ ಮಾತಲ್ಲ, ಮತ್ತೆ ಬರುತ್ತೇನೆ.

ಚಟ ಹತ್ತುವುದು ಹೇಗೆ? ತಿಳಿವಳಿಕೆ ಇಲ್ಲದ್ದಕ್ಕೆ ಎಂದು ದೊಡ್ಡವರು ನಂಬಿದ್ದೇವೆ. ಗುಟ್ಕಾದಿಂದ ಕ್ಯಾನ್ಸರ್ ಬರುತ್ತದೆ ಎಂದು ಗೊತ್ತಿಲ್ಲದ ಹುಡುಗ ಬೆಳಗಾವಿ ಜಿಲ್ಲೆಯಲ್ಲಿ ಇದ್ದಾನೆಯೇ? ಸಿನಿಮಾ ಶುರುವಾಗುವ ಮುಂಚೆ ಅದನ್ನೇ ತೋರಿಸುತ್ತಾರೆ. ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಇಬ್ಬರು ಮನೋವಿಜ್ಞಾನಿಗಳು 2005ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಕಂಪ್ಯೂಟರ್ ಪರದೆಯ ಮೇಲೆ ಕಾರು ಓಡಿಸುವ ಆಟ. ಹಳದಿ ದೀಪ ಬಿದ್ದ ಮೇಲೂ ಎಷ್ಟು ದೂರ ನುಗ್ಗುತ್ತೀರಿ ಎಂಬುದೇ ಪರೀಕ್ಷೆ. ಒಬ್ಬರೇ ಆಡುವಾಗ ಹದಿಹರೆಯದವರಿಗೂ ದೊಡ್ಡವರಿಗೂ ಅಂಥ ಫರಕು ಕಾಣಲಿಲ್ಲ. ಪಕ್ಕದಲ್ಲಿ ಗೆಳೆಯರನ್ನು ನಿಲ್ಲಿಸಿದ್ದೇ ತಡ, ಹದಿಹರೆಯದವರು ನುಗ್ಗತೊಡಗಿದರು. ದೊಡ್ಡವರು ಗೆಳೆಯರಿದ್ದರೂ ಹಾಗೇ ಇದ್ದರು. ಅಪಾಯ ಗೊತ್ತಿಲ್ಲದ್ದರಿಂದ ಮಕ್ಕಳು ನುಗ್ಗುವುದಿಲ್ಲ, ಯಾರೋ ನೋಡುತ್ತಿದ್ದಾರೆ ಎಂದು ನುಗ್ಗುತ್ತಾರೆ.

ಯಾರೋ ನೋಡುತ್ತಿದ್ದಾರೆ ಎಂದು ಮಾಡುವುದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಆಟ. ಮೊದಲ ಚೀಟು ಹರಿಯುವುದು, ಮೊದಲ ದಮ್ ಎಳೆಯುವುದು ಅದಾಗಲೇ ಒಂದು ನಾಟಕ. ಅಲ್ಲಿ ಪಾತ್ರಧಾರಿ ಇದ್ದಾನೆ, ಪ್ರೇಕ್ಷಕರು ಇದ್ದಾರೆ, "ಹೊಡಿಲೇ, ಗಂಡಸೌದೀ ಇಲ್ಲೋ" ಎಂದು ಮಾತು ಎತ್ತಿಕೊಡುವವನೂ ಇದ್ದಾನೆ. ಅಲ್ಲಿ ನಿಂತ ಹುಡುಗನಿಗೆ 'ಹೂಂ' ಎನ್ನುವ ಮಾತು ಬಾಯಿಪಾಠ ಇರುತ್ತದೆ. 'ಒಲ್ಲೆ' ಎನ್ನುವ ಮಾತಿಗೆ ಸಂಭಾಷಣೆಯನ್ನೇ ಯಾರೂ ಬರೆದುಕೊಟ್ಟಿರುವುದಿಲ್ಲ. ನಾಟಕದ ಕೆಲಸ ಶುರುವಾಗಬೇಕಾದದ್ದು ಇಲ್ಲಿ. ಸಾವಿನ ದೃಶ್ಯ ಕಡೆಗೆ ಬರುವಂಥದು. ಶಾಲೆಯಲ್ಲಿ ಆಡಿಸಬೇಕಾದದ್ದು ಮೊದಲ ಅರ್ಧ ನಿಮಿಷವನ್ನು.

ಇದನ್ನು ಹೊರಗಿನವರಿಂದ ಕಲಿಯಬೇಕಾದ ಊರು ಬೆಳಗಾವಿಯಲ್ಲ. ಬೈಲಹೊಂಗಲದ ಪತ್ತಾರ ಮಾಸ್ತರರ ಹೆಸರಿನಲ್ಲಿರುವ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಈ ಸೀಮೆಯಲ್ಲಿ ಯಾರು ಕೇಳಿಲ್ಲ? ಪರರ ಹೆಂಡತಿಯ ಮೇಲೆ ಕಣ್ಣು ಹಾಕಿ ಕೊಲೆಯಲ್ಲಿ ಮುಗಿಯುವ ಕಥೆ. ಶಾಲೆಯಲ್ಲಿ ಆಡಿಸುವ ಆಟವಂತೂ ಅಲ್ಲ. ಆದರೆ ಅದರ ಹೆಸರನ್ನೇ ಒಮ್ಮೆ ನೋಡಿ. ಆಸೆ ಹುಟ್ಟಿದ್ದು ಸಂಗ್ಯಾನಿಗೆ, ಆಟಕ್ಕೆ ಹೆಸರು ಮಾತ್ರ ಇಬ್ಬರದೂ. ಗೆಳೆಯ ಬಾಳ್ಯಾ ಇಲ್ಲದೆ ಸಂಗ್ಯಾ ಅಷ್ಟು ದೂರ ಹೋಗುತ್ತಿರಲಿಲ್ಲ ಎಂದು ಕಟ್ಟಿದವನಿಗೆ ಗೊತ್ತಿತ್ತು. ನಮ್ಮ ಜಾಗೃತಿ ನಾಟಕಗಳಲ್ಲಿ ಸಂಗ್ಯಾ ಇದ್ದಾನೆ, ಬಾಳ್ಯಾ ಕಾಣೆಯಾಗಿದ್ದಾನೆ. ಅವನ ಬದಲಿಗೆ ಕಪ್ಪು ಕನ್ನಡಕದ, ಕುತ್ತಿಗೆಗೆ ರುಮಾಲು ಕಟ್ಟಿದ ಖಳನಾಯಕನನ್ನು ತಂದು ನಿಲ್ಲಿಸುತ್ತೇವೆ. ನಿಜವಾಗಿ ಮೊದಲ ಸಲ ಕೊಡುವವನು ಅಪರಿಚಿತ ದಲ್ಲಾಳಿ ಆಗಿರುವುದು ಅಪರೂಪ. ಒಂದೇ ಬೆಂಚಿನವನು, ಅಣ್ಣನ ವಾರಿಗೆಯವನು, ಕ್ರಿಕೆಟ್ ಆಡುವಾಗ ಬ್ಯಾಟು ತರುವವನು, ಅವನೇ ಕೊಡುತ್ತಾನೆ. ಖಳನಾಯಕನ ಕೈಯಿಂದ ಬೇಡ ಎನ್ನುವುದು ಸುಲಭ. ದೋಸ್ತನ ಕೈಯಿಂದ?

ಮರಾಠಿ ನಾಟಕವೂ ಬೆಳಗಾವಿಗೆ ಪರಕೀಯವಲ್ಲ. ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ 1843ರಲ್ಲಿ ಹುಟ್ಟಿದ್ದೇ ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಪರಂಪರೆಯಲ್ಲಿ ರಾಮ ಗಣೇಶ ಗಡಕರಿಯವರ 'ಏಕಚ್ ಪ್ಯಾಲಾ' ಎಂಬ ನಾಟಕವಿದೆ. 1919ರಲ್ಲಿ ಗಂಧರ್ವ ನಾಟಕ ಮಂಡಳಿ ಅದನ್ನು ರಂಗಕ್ಕೆ ತಂದಾಗ ಬರೆದವರು ತೀರಿಕೊಂಡಿದ್ದರು, ಬಾಲಗಂಧರ್ವರು ನಾಯಕನ ಹೆಂಡತಿ ಸಿಂಧುವಾಗಿ ನಿಂತಿದ್ದರು. ಕುಡಿತದ ಕೇಡಿನ ಬಗ್ಗೆ ಭಾರತದಲ್ಲಿ ಬಂದ ದೊಡ್ಡ ನಾಟಕಗಳಲ್ಲಿ ಅದೂ ಒಂದು. ಹೆಸರಿನ ಅರ್ಥ 'ಒಂದೇ ಬಟ್ಟಲು'. ವಕೀಲ ಸುಧಾಕರನಿಗೆ ನ್ಯಾಯಾಲಯದಲ್ಲಿ ಅವಮಾನವಾಗಿದೆ, ಸನ್ನದು ತಡೆಹಿಡಿದಿದ್ದಾರೆ. ಪಕ್ಕದಲ್ಲಿ ತಳೀರಾಮನಿದ್ದಾನೆ, ಒಂದು ಬಟ್ಟಲು ತಗೊಂಡರೆ ಎಲ್ಲ ಮರೆಯುತ್ತದೆ ಎನ್ನುತ್ತಾನೆ. ಗಡಕರಿ ಆ ಮೊದಲ ಬಟ್ಟಲಿನ ಮುಂದೆ ನಿಂತು ಇಡೀ ನಾಟಕ ಕಟ್ಟಿದರು, ಹೆಸರನ್ನೂ ಅದಕ್ಕೇ ಇಟ್ಟರು. ಆದರೂ ಒಂದು ಎಡವಟ್ಟಾಯಿತು. ತಳೀರಾಮ ಭಾರಿ ತಮಾಷೆಯ ಪಾತ್ರ. ಕುಡುಕರ ಮಂಡಳಿಯನ್ನೇ ಕಟ್ಟುತ್ತಾನೆ, ಮಾತಿಗೊಂದು ಚಟಾಕಿ ಹಾರಿಸುತ್ತಾನೆ. ಸಿಂಧುವಿಗಾಗಿ ಅತ್ತ ಜನ ತಳೀರಾಮನಿಗಾಗಿ ಮತ್ತೆ ಟಿಕೆಟ್ ತೆಗೆದರು. ಗಡಕರಿಯಂಥ ಗಡಕರಿಗೇ ತಪ್ಪಿಸಲಾಗದ್ದು ನಮ್ಮ ಒಂಬತ್ತನೆಯ ತರಗತಿಯ ಹಲಗೆ ತಂಡಕ್ಕೆ ತಪ್ಪೀತೆ? ಅಮಲಿನವನನ್ನು ರಂಗದ ಮೇಲೆ ತಂದರೆ ನಗು ಅವನ ಪಾಲಿಗೇ ಹೋಗುತ್ತದೆ. ತರದೇ ಇರುವುದೇ ಲೇಸು.

ಈ ಸೀಮೆಯ ಇನ್ನೊಂದು ಆಟ ಪಾರಿಜಾತದ ವಿಷಯಕ್ಕೆ ಬರೋಣ. ಕುಲಗೋಡ ತಮ್ಮಣ್ಣ ಕಟ್ಟಿದ, ಕೌಜಲಗಿ ನಿಂಗಮ್ಮ ಹಾಡಿ ಕುಣಿದು ಮೆರೆಸಿದ 'ಶ್ರೀಕೃಷ್ಣ ಪಾರಿಜಾತ'ದಲ್ಲಿ ಭಾಗವತ ಬರೀ ಹಾಡುವವನಲ್ಲ. ಗೊಲ್ಲತಿ ಬಂದಳೆಂದರೆ ಅಡ್ಡ ನಿಲ್ಲುತ್ತಾನೆ, ಯಾರು ಏನು ಎಂದು ಕೆದಕುತ್ತಾನೆ, ಕಾಲೆಳೆಯುತ್ತಾನೆ, ಅವಳಿಂದ ಏಟಿಗೆ ಎದಿರೇಟು ತಿನ್ನುತ್ತಾನೆ. ಕಥೆ ಅಷ್ಟೊತ್ತು ನಿಂತಿರುತ್ತದೆ. ಪ್ರೇಕ್ಷಕರ ಪರವಾಗಿ ಪಾತ್ರವನ್ನು ತಡೆದು ಪ್ರಶ್ನೆ ಕೇಳುವ ಹಕ್ಕು ಅವನಿಗಿದೆ.

ಬ್ರೆಜಿಲ್‌ನ ಅಗಸ್ಟೊ ಬೋಲ್ ತನ್ನ ನಾಟಕಕ್ಕೆ ಇಂಥವನೊಬ್ಬನನ್ನು ತಂದು 'ಜೋಕರ್' ಎಂದು ಕರೆದ. ಇಸ್ಪೀಟಿನ ಜೋಕರ್‌ನಂತೆ ಯಾವ ಗುಂಪಿಗೂ ಸೇರದವನು. ಬೋಲ್ ಕಥೆ ಸ್ವಾರಸ್ಯವಾಗಿದೆ. 1970ರ ದಶಕದ ಆರಂಭದಲ್ಲಿ ಆತ ಪೆರು ದೇಶದಲ್ಲಿ ಜನರ ಕಷ್ಟಗಳನ್ನೇ ನಾಟಕ ಮಾಡಿ, ಮುಂದೇನು ಮಾಡಬೇಕು ಎಂದು ಪ್ರೇಕ್ಷಕರನ್ನೇ ಕೇಳಿ, ಅವರು ಹೇಳಿದ್ದನ್ನು ನಟರಿಂದ ಆಡಿಸುತ್ತಿದ್ದ. ಗಂಡನಿಂದ ಮೋಸಹೋದ ಹೆಂಗಸಿನ ನಾಟಕ ಒಂದು ದಿನ ನಡೆದಿತ್ತು. ಸಭೆಯಲ್ಲಿದ್ದ ದಪ್ಪನೆಯ ಹೆಂಗಸೊಬ್ಬಳು, ಅವನ ಹತ್ತಿರ ಸ್ಪಷ್ಟವಾಗಿ ಮಾತಾಡಬೇಕು ಎಂದು ಸೂಚನೆ ಕೊಟ್ಟಳು. ನಟಿ ಆಡಿ ತೋರಿಸಿದಳು. ಹಾಗಲ್ಲ ಎಂದಳು ಇವಳು. ಮತ್ತೆ ಆಡಿದರು, ಮತ್ತೂ ಹಾಗಲ್ಲ. ಬೋಲ್ ಬೇಸತ್ತು, ನೀವೇ ಬಂದು ಮಾಡಿ ತೋರಿಸಿ ಎಂದ. ಅವಳು ಸೀದಾ ರಂಗಕ್ಕೆ ಹತ್ತಿ ಗಂಡನ ಪಾತ್ರಧಾರಿಗೆ ಕಸಬರಿಗೆಯಿಂದ ಬಾರಿಸಿ, ಆಮೇಲೆ ಮಾತಿಗೆ ಕೂತಳು. ಅವಳ 'ಸ್ಪಷ್ಟ ಮಾತು' ಅದು. ಇನ್ನೊಬ್ಬರ ಬದಲಿಗೆ ಆಡಿ ತೋರಿಸುವುದರಲ್ಲಿ ಅರ್ಥವಿಲ್ಲ, ಕಷ್ಟ ಯಾರದೋ ಅವರೇ ರಂಗಕ್ಕೆ ಬರಬೇಕು ಎಂಬುದು ಬೋಲ್‌ಗೆ ಹೊಳೆದದ್ದು ಅಂದು. ಅದಕ್ಕೆ ಫೋರಂ ಥಿಯೇಟರ್ ಎಂಬ ಹೆಸರು ಬಂತು. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ 1985ರಲ್ಲಿ ಶುರುವಾದ ಜನಸಂಸ್ಕೃತಿ ಎಂಬ ತಂಡ ಇದನ್ನು ಮಾಡಿಕೊಂಡು ಬಂದಿದೆ. ನಮ್ಮ ಭಾಗವತನನ್ನು ಬಲ್ಲ ಯಾವ ಬೆಳಗಾವಿಯ ಮಾಸ್ತರನಿಗೂ ಇದು ಎರಡು ದಿನದಲ್ಲಿ ಕೈಗೆ ಹತ್ತುವ ವಿದ್ಯೆ.

ಖಾನಾಪುರ ಬಸ್ ನಿಲ್ದಾಣವನ್ನೇ ತೆಗೆದುಕೊಳ್ಳಿ. ಬೆಳಗಾವಿಯಿಂದ ಹತ್ತಿರಹತ್ತಿರ 26 ಕಿಲೋಮೀಟರ್. ತಾಲ್ಲೂಕಿನ ಅರ್ಧ ಭಾಗ ಕಾಡು. ಜಾಂಬೋಟಿ, ಕಣಕುಂಬಿ, ಗುಂಜಿ ಕಡೆಯ ಹುಡುಗರು ಹೈಸ್ಕೂಲಿಗೆ, ಕಾಲೇಜಿಗೆ ಬರುವುದು ಬಸ್ಸಿನಲ್ಲಿ. ಒಂದು ಬಸ್ ತಪ್ಪಿದರೆ ಮುಂದಿನದಕ್ಕೆ ಎಷ್ಟೊತ್ತಾದೀತೋ ದೇವರಿಗೇ ಗೊತ್ತು. ಮನೆ ದೂರ, ಶಾಲೆ ಬಿಟ್ಟಾಗಿದೆ, ನೋಡುವವರಿಲ್ಲ, ಮಾಡಲು ಕೆಲಸವಿಲ್ಲ. ಆ ಕಾಯುವ ಹೊತ್ತೇ ನಮ್ಮ ರಂಗ. ಪಶ್ಚಿಮಕ್ಕೆ ಗೋವಾ ಗಡಿ. ಚೋರ್ಲಾ ಘಾಟು ಹತ್ತಿ ಬರುವ ಅಗ್ಗದ ದಾರುವನ್ನು ಕಣಕುಂಬಿಯ ಅಬಕಾರಿ ಠಾಣೆಯವರು ಹಿಡಿದ ಸುದ್ದಿ ಓದುತ್ತಲೇ ಇರುತ್ತೇವೆ. ಗುಟ್ಕಾ 2013ರಲ್ಲೇ ರಾಜ್ಯದಲ್ಲಿ ನಿಷೇಧವಾಯಿತು. ಅಂಗಡಿಯಲ್ಲಿ ಈಗ ಅಡಿಕೆಪುಡಿಯದೊಂದು ಚೀಟು, ತಂಬಾಕಿನದೊಂದು ಚೀಟು, ಎರಡನ್ನೂ ಗಿರಾಕಿಯೇ ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾನೆ. ಎರಡನ್ನೂ ಕೂಡಿಸಿ ಮಾವಾ ತಿಕ್ಕಿ ಕೊಡುವವರು ಬೇರೆ.

ಅಭ್ಯಾಸ ಹೀಗೆ ನಡೆಯಬಹುದು. ವರ್ಗದ ಬೆಂಚುಗಳನ್ನು ಸರಿಸಿ ನಡುವೆ ಒಂದು ಬೆಂಚು ಹಾಕಿದರೆ ಅದೇ ಬಸ್ ನಿಲ್ದಾಣದ ಕಟ್ಟೆ. ನಾಲ್ವರು ಕೂತಿದ್ದಾರೆ. ಒಬ್ಬನ ಮುಷ್ಟಿ ಮುಚ್ಚಿದೆ. ಒಳಗೇನಿದೆ ಎಂದು ಅವನು ತೋರಿಸುವುದಿಲ್ಲ, ಹೆಸರು ಹೇಳುವುದಿಲ್ಲ, ಬಾಯಿಗಾಗಲಿ ಮೂಗಿಗಾಗಲಿ ಒಯ್ಯುವುದಿಲ್ಲ. ನಿಯಮ ಇದೊಂದೇ. ಮೂಸಿ ತೋರಿಸುವ ತಾಪತ್ರಯ ಅಲ್ಲಿಗೆ ಹೋಯಿತು, ತೂರಾಡಿ ಚಪ್ಪಾಳೆ ಗಿಟ್ಟಿಸುವುದೂ ಹೋಯಿತು. ಉಳಿದದ್ದು ಮಾತು.

"ತಗೋಲೇ, ಒಂದs ಸಲಾ."
"ನಂಗ ಬ್ಯಾಡೋ."
"ಯಾಕ, ನಿಮ್ಮವ್ವಗ ಕೇಳಿ ಬರ್ತೀ ಏನು?"

ಉಳಿದಿಬ್ಬರು ನಗುತ್ತಾರೆ. ಇಲ್ಲಿ ಶಿಕ್ಷಕ ಚಪ್ಪಾಳೆ ತಟ್ಟಿ ಆಟ ನಿಲ್ಲಿಸಿ ಭಾಗವತನಾಗುತ್ತಾನೆ. ಈಗ ಇವನೇನು ಮಾಡಬೇಕು? ಸಭೆಯಲ್ಲಿ ಕೂತ ಮಕ್ಕಳು ಹೇಳಿದರೆ ಸಾಲದು, ಎದ್ದು ಬಂದು ಬೆಂಚಿನ ಮೇಲೆ ಅವನ ಜಾಗದಲ್ಲಿ ಕೂತು ಮಾಡಿ ತೋರಿಸಬೇಕು. ಮೊದಲು ಬರುವವನು ಸಾಮಾನ್ಯವಾಗಿ ಶಾಣ್ಯಾ ಹುಡುಗ. ಪಾಠದ ಭಾಷೆಯಲ್ಲಿ ಶುರುಮಾಡುತ್ತಾನೆ: ಇದು ಆರೋಗ್ಯಕ್ಕೆ ಹಾನಿಕಾರಕ. ಎದುರಿನವರು ಅವನನ್ನು ಅರ್ಧ ನಿಮಿಷದಲ್ಲಿ ಹುರಿದು ಮುಕ್ಕುತ್ತಾರೆ. ಇಡೀ ವರ್ಗ ಅದನ್ನು ನೋಡುತ್ತದೆ, ನೋಡಬೇಕು ಕೂಡ. ಹತ್ತು ವರ್ಷದಿಂದ ನಾವು ಬಾಯಿಪಾಠ ಮಾಡಿಸಿದ ವಾಕ್ಯ ಆ ಕಟ್ಟೆಯ ಮೇಲೆ ಮೂರು ಕಾಸಿನ ಬೆಲೆ ಬಾಳುವುದಿಲ್ಲ ಎಂದು ಶಿಕ್ಷಕನಿಗೂ ಅಲ್ಲೇ ಗೊತ್ತಾಗಬೇಕು. ಎರಡನೆಯವನು ಜಗಳಕ್ಕೆ ಬೀಳುತ್ತಾನೆ, ದೋಸ್ತಿ ಹರಿಯುತ್ತದೆ. ನಾಳೆ ಅದೇ ಬಸ್ಸಿನಲ್ಲಿ ಅದೇ ಹುಡುಗರ ಜೊತೆ ಹೋಗಬೇಕಲ್ಲ ಎಂದು ಭಾಗವತ ಕೇಳಿದರೆ ಉತ್ತರವಿರುವುದಿಲ್ಲ. ಮೂರನೆಯವಳು ಹುಡುಗಿ ಆಗಿರಲಿ. ನಮ್ಮ ಜಾಗೃತಿ ನಾಟಕದಲ್ಲಿ ಹುಡುಗಿಯರಿಗೆ ಅಳುವ ಕೆಲಸ ಬಿಟ್ಟು ಬೇರೇನೂ ಕೊಟ್ಟಿಲ್ಲ. ಅಪ್ಪ, ಅಣ್ಣ, ಕಾಕಾ ಹೇಗೆ ಸುಳ್ಳು ಹೇಳಿ ತಪ್ಪಿಸಿಕೊಳ್ಳುತ್ತಾರೆ ಎಂಬುದು ಅವರಿಗೇ ಹೆಚ್ಚು ಗೊತ್ತು. "ಬಸ್ ಬಂತು ನೋಡ್ರಲೇ, ನಾ ಹೊಂಟೆ" ಎಂದು ಎದ್ದು ಹೋಗುವ ಉಪಾಯ ಇಂಥವರಿಗೇ ಹೊಳೆಯುವುದು. ವೀರಾವೇಶವಿಲ್ಲ, ಉಪದೇಶವಿಲ್ಲ, ದೋಸ್ತಿಯೂ ಉಳಿಯಿತು.

ಇನ್ನೊಂದು ಸುತ್ತಿನಲ್ಲಿ ನೋಡುವವನ ಜಾಗ ಬದಲಿಸಬೇಕು. ಕೊಡುವವನನ್ನೂ ಬೇಡ ಎನ್ನುವವನನ್ನೂ ಹಾಗೇ ಬಿಟ್ಟು, ಪಕ್ಕದಲ್ಲಿ ಕೂತು ನಕ್ಕವನ ಜಾಗಕ್ಕೆ ಬೇರೆಯವರು ಬರಲಿ. ಅವನು ನಗದೇ ಇದ್ದರೆ ಏನಾಗುತ್ತದೆ? "ಬಿಡೋ, ಅವಗ ಬ್ಯಾಡಂದ್ರ ಬ್ಯಾಡ" ಎಂದು ಅವನೊಂದು ಮಾತು ಸೇರಿಸಿದರೆ? ನನ್ನ ಮಟ್ಟಿಗೆ ಇಡೀ ಅಭ್ಯಾಸದಲ್ಲಿ ಬಂಗಾರದಂಥ ಘಳಿಗೆ ಇದು. ಬೇಡ ಎನ್ನುವ ಧೈರ್ಯ ಎಲ್ಲ ಮಕ್ಕಳಿಗೂ ಬರಲಿಕ್ಕಿಲ್ಲ. ಪಕ್ಕದವನ ಬೇಡಕ್ಕೆ ಒಂದು ಮಾತು ಕೂಡಿಸುವುದು ಅಷ್ಟು ಕಷ್ಟವಲ್ಲ.

ಭಾಷೆಯ ಸಂಗತಿ ಖಾನಾಪುರದಲ್ಲಿ ತಪ್ಪಿಸಲಾಗದ್ದು. ತಾಲ್ಲೂಕಿನಲ್ಲಿ ಕನ್ನಡ ಶಾಲೆಗಳಿವೆ, ಮರಾಠಿ ಶಾಲೆಗಳಿವೆ, ಉರ್ದು ಶಾಲೆಗಳಿವೆ. ಬಸ್ ನಿಲ್ದಾಣದ ಕಟ್ಟೆ ಮಾತ್ರ ಒಂದೇ. ಅಲ್ಲಿ "ಘೇ ರೆ" ಎಂದು ಕೇಳಿದವನಿಗೆ "ನಕೋ" ಎಂದು, "ತಗೋ" ಎಂದವನಿಗೆ "ಬ್ಯಾಡ" ಎಂದು ಹುಡುಗರು ಯಾವ ಗೊಂದಲವೂ ಇಲ್ಲದೆ ಉತ್ತರಿಸುತ್ತಾರೆ. ದೊಡ್ಡವರ ಭಾಷಾ ಜಗಳವನ್ನು ಈ ನಾಟಕದ ಬಾಗಿಲಿನಿಂದ ಹೊರಗೇ ನಿಲ್ಲಿಸಬೇಕು. ಮಗು ಯಾವ ಭಾಷೆಯಲ್ಲಿ ಬೈಸಿಕೊಳ್ಳುತ್ತದೋ ಅದೇ ಭಾಷೆಯಲ್ಲಿ ಉತ್ತರ ಕೊಡಲು ಕಲಿಯಬೇಕು. ಪ್ರಮಾಣ ಕನ್ನಡದಲ್ಲಿ ಬರೆದು ಬೆಂಗಳೂರಿನಿಂದ ಕಳಿಸಿದ ನಾಟಕದಿಂದ ಇದು ಆಗದು. (ಅಂದಹಾಗೆ ತಾಲ್ಲೂಕಿನಲ್ಲಿ ಬೀಡಿ ಎಂಬ ಊರೂ ಇದೆ. ಊರಿಗೂ ಹೊಗೆಗೂ ಸಂಬಂಧವಿಲ್ಲ. ಆದರೆ "ಬೀಡಿಗೆ ಹೋಗ್ತೀನಿ" ಎಂಬ ಮಾತು ನಾಟಕದಲ್ಲಿ ಬಂದರೆ ಮಕ್ಕಳು ಬಿದ್ದು ಬಿದ್ದು ನಗುವುದನ್ನು ಯಾವ ಮಾಸ್ತರನೂ ತಡೆಯಲಾರ. ನಗಲಿ. ಈ ನಗು ಅಮಲಿನ ಪಾಲಿಗೆ ಹೋಗುವಂಥದ್ದಲ್ಲ.)

ವ್ಯವಸ್ಥೆ ಹೊಸದಾಗಿ ಆಗಬೇಕಿಲ್ಲ. 2020ರಲ್ಲಿ ಶುರುವಾದ ಆಯುಷ್ಮಾನ್ ಭಾರತ ಶಾಲಾ ಆರೋಗ್ಯ ಕಾರ್ಯಕ್ರಮದ 11 ವಿಷಯಗಳಲ್ಲಿ ಮಾದಕ ವಸ್ತು ತಡೆಯೂ ಒಂದು. ಎನ್‌ಸಿಇಆರ್‌ಟಿಯ ಜನಸಂಖ್ಯಾ ಶಿಕ್ಷಣ ಯೋಜನೆಯಲ್ಲಿ ಪಾತ್ರಾಭಿನಯ ಸ್ಪರ್ಧೆಯೇ ಇದೆ, ಅದರ ವಿಷಯಗಳಲ್ಲಿಯೂ ಇದಿದೆ. ಸ್ಪರ್ಧೆ ಎಂದಕೂಡಲೇ ನನಗೆ ಅಳುಕು. ಬಹುಮಾನದ ಆಸೆಗೆ ಮತ್ತೆ ಹಲಗೆ, ಸಾವು, ಗ್ಲಿಸರಿನ್ ಕಣ್ಣೀರು ಬರುತ್ತವೆ. ಆರು ಮಕ್ಕಳು ತಿಂಗಳುಗಟ್ಟಲೆ ಗಿಳಿಪಾಠ ಒಪ್ಪಿಸುತ್ತಾರೆ, ಉಳಿದ ನಲವತ್ತು ಮಕ್ಕಳು ಗ್ಯಾದರಿಂಗ್ ದಿನ ಕೂತು ನೋಡುತ್ತಾರೆ. ವಿಶ್ವಸಂಸ್ಥೆಯ ಮಾನದಂಡಗಳ ಪ್ರಕಾರ ಫಲ ಕಂಡ ಕಾರ್ಯಕ್ರಮಗಳು ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು ಹದಿನೈದು ತರಗತಿ ನಡೆದವು, ಮಕ್ಕಳೆಲ್ಲರೂ ಮಾಡಿ ಕಲಿತರು. ಒಂದು ದಿನದ ಬೀದಿ ನಾಟಕಕ್ಕೆ ಆ ಫಲ ಬೇಡುವುದು ಒಂದು ಸಲ ಬಾವಿಗಿಳಿದು ಈಜು ಬರಲಿಲ್ಲ ಎಂದಂತೆ. ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಿಗೆ ನಾಟಕ ಶಿಕ್ಷಕರು ನೇಮಕವಾಗಿದ್ದಾರೆ, ಎಲ್ಲ ಕಡೆ ಇಲ್ಲ. ಆದರೆ ಈ ಕೆಲಸಕ್ಕೆ ನಟನೆ ಬಲ್ಲವರಿಗಿಂತ ಮಕ್ಕಳ ಮಾತು ಕೇಳಬಲ್ಲವರು ಬೇಕು. ದೈಹಿಕ ಶಿಕ್ಷಕರೂ ಆದಾರು, ಗಣಿತದ ಅಕ್ಕೋರೂ ಆದಾರು.

ಕೇಳಬಲ್ಲವರು ಎಂದೆ. ಆಟ ಹೀಗೆ ನಡೆದಾಗ ಒಂದು ದಿನ ಒಬ್ಬ ಹುಡುಗ ಆಟ ಮುಗಿದ ಮೇಲೂ ವರ್ಗದಿಂದ ಹೊರಗೆ ಹೋಗುವುದಿಲ್ಲ. "ಸರ, ನಮ್ಮಪ್ಪ..." ಎಂದು ನಿಲ್ಲಿಸುತ್ತಾನೆ. ಇಲ್ಲವೇ ತನ್ನದೇ ಮಾತು ಹೇಳುತ್ತಾನೆ. ನಮ್ಮ ನಾಟಕಗಳು ಸಾವಿನಲ್ಲೋ ಜೈಲಿನಲ್ಲೋ ಮುಗಿಯುವುದರಿಂದ ಆಗುವ ದೊಡ್ಡ ಹಾನಿ ಇಲ್ಲಿದೆ. ಹೇಳಿಕೊಂಡರೆ ಪೊಲೀಸರು ಒಯ್ಯುತ್ತಾರೆ ಎಂಬ ಪಾಠವನ್ನು ಮಗು ಚೆನ್ನಾಗಿ ಕಲಿತಿರುತ್ತದೆ. ಕಾನೂನು ಅಷ್ಟು ಕುರುಡಲ್ಲ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಸೇವನೆಯ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮಗುವಿಗೆ ಅಮಲಿನ ಪದಾರ್ಥ ಕೊಟ್ಟವನಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ ಇದೆ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಮನೋಚೈತನ್ಯ ಯೋಜನೆ ರಾಜ್ಯದಲ್ಲಿದೆ. ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಒಂದೂವರೆ ತಾಸಿನ ಹಾದಿ. ವ್ಯಸನಮುಕ್ತಿ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098. ಇವುಗಳಲ್ಲಿ ಒಂದಾದರೂ ನಾಟಕದ ಕೊನೆಯ ದೃಶ್ಯವಾಗಿ ಬಂದದ್ದನ್ನು ನಾನು ಕಂಡಿಲ್ಲ. ಮಂಗಳವಾರ ಅಪ್ಪನ ಜೊತೆ ದವಾಖಾನೆಯ ಬೆಂಚಿನ ಮೇಲೆ ಕೂತ ಹುಡುಗನ ದೃಶ್ಯ ಸಾವಿನಷ್ಟು ರೋಚಕವಲ್ಲ, ನಿಜ. ಆ ಬೆಂಚಿನ ಮೇಲೆ ಅಪ್ಪ ಮಗ ಏನು ಮಾತಾಡಿಕೊಂಡಾರು? ಮಕ್ಕಳಿಗೇ ಆಡಲು ಕೊಟ್ಟು ನೋಡಿ.

ಇಳಕಲ್ಲಿನ ಮಹಾಂತ ಶಿವಯೋಗಿಗಳು ಈ ಗುಟ್ಟು ಬಲ್ಲವರಾಗಿದ್ದರು. ಅವರ ಜನ್ಮದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ, ಬಹುತೇಕ ಭಾಷಣದಿಂದಲೇ. ಸ್ವಾಮಿಗಳು ಮಾಡಿದ್ದು ಬೇರೆ. ಜೋಳಿಗೆ ಹಿಡಿದು ಓಣಿಗಿಳಿದು, ಕಾಳು ಕಡಿ ಬೇಡ, ನಿಮ್ಮ ದುಶ್ಚಟವನ್ನು ಭಿಕ್ಷೆ ಹಾಕಿ ಎಂದರು. ಕೊಡುವವನು ಕೆಟ್ಟವನಾಗಲಿಲ್ಲ, ದಾನಿಯಾದ. ಬೇಡುವವರು ತಲೆಬಾಗಿ ನಿಂತಿದ್ದರು. ಊರ ಮುಂದೆ, ಎಲ್ಲರೂ ನೋಡುತ್ತಿದ್ದಾಗ, ಬೀಡಿ ಕಟ್ಟು ಜೋಳಿಗೆಗೆ ಬೀಳುತ್ತಿತ್ತು. ನೋಡುವವರ ಕಣ್ಣು ಹುಡುಗನನ್ನು ಚಟದ ಕಡೆ ದೂಡಬಲ್ಲದಾದರೆ ಅದೇ ಕಣ್ಣು ಅದರಿಂದ ಹೊರಗೂ ಎಳೆಯಬಲ್ಲದು ಎಂದು ಆ ಜೋಳಿಗೆ ತೋರಿಸಿಕೊಟ್ಟಿತು.

ನಾಟಕದ ಮಿತಿಯನ್ನೂ ಹೇಳಬೇಕು. ಮಕ್ಕಳ ಅರಿವು, ಮನೋಭಾವ ಬದಲಾದದ್ದನ್ನು ತೋರಿಸಬಹುದು. ಚಟವನ್ನೇ ತಡೆಯಿತು ಎಂದು ಎದೆ ತಟ್ಟಿಕೊಳ್ಳುವಷ್ಟು ಪುರಾವೆ ಇಲ್ಲ. ಶಾಲೆಯಿಂದ ನೂರು ಗಜದೊಳಗೆ ತಂಬಾಕು ಮಾರಬಾರದು ಎನ್ನುವ 2003ರ ಕಾಯ್ದೆ ಗೇಟಿನ ಮುಂದೆಯೇ ನಿದ್ದೆ ಹೋಗಿದ್ದರೆ ಒಳಗೆ ಎಂಥ ನಾಟಕ ಆಡಿಸಿಯೂ ಉಪಯೋಗ ಅಷ್ಟಕ್ಕಷ್ಟೆ. ಅದಕ್ಕೂ ಒಂದು ಆಟ ಕಟ್ಟಬಹುದು. ನೂರು ಗಜದ ಹಗ್ಗವೊಂದನ್ನು ತಂದು ಒಂದು ತುದಿ ಗೇಟಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಮಕ್ಕಳು ಹಲಗೆ ಬಾರಿಸುತ್ತ ಊರೊಳಗೆ ಹೊರಡಲಿ. ದಾರಿಯಲ್ಲಿ ಎಷ್ಟು ಪಾನಪಟ್ಟಿ ಅಂಗಡಿಗಳು ಹಗ್ಗದೊಳಗೆ ಬಿದ್ದವು ಎಂದು ಪಂಚಾಯಿತಿ ಸದಸ್ಯರೂ ಜೊತೆಗೆ ನಡೆದು ಎಣಿಸಲಿ. ಹಲಗೆಗೆ ಅದು ಒಪ್ಪುವ ಕೆಲಸ.

ಕಡೆಗೆ ಆ ಮುಷ್ಟಿ. ಅಭ್ಯಾಸ ಮುಗಿದ ಮೇಲೆ ಮಕ್ಕಳಿಗೆ ಒಂದೊಂದು ತುಂಡು ಕಾಗದ ಕೊಟ್ಟು, ಅವನ ಮುಷ್ಟಿಯೊಳಗೆ ಏನಿತ್ತು ಅಂತ ನಿನಗನಿಸಿತು, ಬರೆ ಎನ್ನಬೇಕು. ಮಾವಾ ಎಂದು ಬರೆಯುವವರಿದ್ದಾರೆ, ವೈಟ್ನರ್ ಎನ್ನುವವರಿದ್ದಾರೆ, ಶಿಕ್ಷಕರು ಹೆಸರೇ ಕೇಳಿರದ ಗುಳಿಗೆಯೊಂದು ಬಂದರೂ ಬರಬಹುದು, ಮೊಬೈಲ್ ಎಂದೂ ಬಂದೀತು. ಆ ಚೀಟಿಗಳನ್ನು ಮನೆಗೆ ಒಯ್ದು ಒಬ್ಬರೇ ಕೂತು ಓದಿದರೆ ಶಾಲೆಯ ಸುತ್ತ ಏನು ನಡೆದಿದೆ ಎಂದು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಚೀಟಿಯ ಮೇಲೆ ಹೆಸರು ಬರೆಸುವುದು ಬೇಡ. ಅಕ್ಷರ ಯಾರದು ಎಂದು ಗುರುತು ಹಿಡಿಯಲು ಹೋಗುವುದೂ ಬೇಡ.